ರೀಲಿನಲ್ಲೇ ಇದ್ದ ಸ್ವಿಚ್

ನಮ್ಮ ಜೀವಕೋಶದೊಳಗೆ ಸುಮಾರು 2 ಮೀಟರ್ ಉದ್ದದ ಡಿಎನ್‌ಎ, ರೀಲಿಗೆ ಸುತ್ತಿದ ದಾರದ ಹಾಗೆ, ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತೆ. ಹಿಸ್ಟೋನ್ ಅಂದ್ರೆ ಬರೀ ರೀಲು ಅಂತಲೇ ಬಹಳ ವಿಜ್ಞಾನಿಗಳು ತಿಳಿದಿದ್ದರು. ಅಮೆರಿಕದ ಡೇವಿಡ್ ಆಲಿಸ್ ಅಷ್ಟಕ್ಕೇ ಬಿಡಲಿಲ್ಲ.

ಅವರು ಆರಿಸಿಕೊಂಡದ್ದು ಕೊಳದ ನೀರಿನ ಏಕಕೋಶ ಜೀವಿ ಟೆಟ್ರಾಹೈಮಿನಾ. ಅದಕ್ಕೆ ಎರಡು ನ್ಯೂಕ್ಲಿಯಸ್: ದೊಡ್ಡದರಲ್ಲಿ ಜೀನ್‌ಗಳು ಕೆಲಸ ಮಾಡುತ್ತವೆ, ಚಿಕ್ಕದರಲ್ಲಿ ಸುಮ್ಮನಿರುತ್ತವೆ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆ ಟೆಸ್ಟ್ ಸೆಟಪ್ ಎಲ್ಲಿ ಸಿಗುತ್ತೆ ಹೇಳಿ! ದೊಡ್ಡದರ ಹಿಸ್ಟೋನ್‌ಗಳಿಗೇ ಅಸಿಟೈಲ್ ಗುಂಪುಗಳು ಹೆಚ್ಚಾಗಿ ಅಂಟಿರುತ್ತವೆ. ಅವನ್ನು ಅಂಟಿಸುವ ಕಿಣ್ವವನ್ನು 1996ರಲ್ಲಿ ಆಲಿಸ್ ತಂಡ ಗುರುತಿಸಿತು. ನೋಡಿದರೆ ಅದು ಯೀಸ್ಟ್‌ನಲ್ಲಿ ಜೀನ್ ಆನ್ ಮಾಡಲು ನೆರವಾಗುವ ಜಿಸಿಎನ್5 ಪ್ರೋಟೀನಿನ ಸೋದರ! ಅಂದ್ರೆ ರೀಲಿನಲ್ಲೇ ಸ್ವಿಚ್ ಇತ್ತು.

2018ರಲ್ಲಿ ಮೈಕೆಲ್ ಗ್ರುನ್‌ಸ್ಟೈನ್ ಜೊತೆ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಅಸಿಟೈಲನ್ನು ಕಿತ್ತುಹಾಕುವ ಕಿಣ್ವಗಳನ್ನು ತಡೆಯೋ ವೊರಿನೊಸ್ಟಾಟ್, 2006ರಿಂದ ಅಮೆರಿಕದಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಾಗೆ ಔಷಧಿ.