ತರಗತಿಯಲ್ಲಿ ಅಡ್ಡಹೆಸರು

ತುಂಗಭದ್ರೆಯ ದಂಡೆಯ ಹಮ್ಮಿಗಿಯಿರಲಿ, ಮುಂಡರಗಿ ಸೀಮೆಯ ಬೇರಾವ ಊರೇ ಇರಲಿ, ಅಡ್ಡಹೆಸರಿಲ್ಲದ ಮನುಷ್ಯ ಸಿಗುವುದು ಕಷ್ಟ. ಕಾಲು ಸರಿಯಿಲ್ಲದವನು ಕುಂಟನಾಗುತ್ತಾನೆ. ಮಾತು ತಡವರಿಸುವವನು ತೊದಲನಾಗುತ್ತಾನೆ. ಕರೆಸಿಕೊಳ್ಳುವವನೂ ನಕ್ಕುಬಿಡುತ್ತಾನೆ, ನಗದೆ ಅವನಿಗೆ ಬೇರೆ ದಾರಿಯಿಲ್ಲ. ಆ ನಗುವನ್ನು ಕಂಡು, ಇದು ಬರೀ ತಮಾಷೆ ಎಂದು ನಾವು ಸಮಾಧಾನ ಮಾಡಿಕೊಂಡಿದ್ದೇವೆ.

ಪವಿತ್ರ ಕುರ್‌ಆನ್ ಇದನ್ನು ತಮಾಷೆಯೆಂದು ಬಿಟ್ಟುಬಿಡಲಿಲ್ಲ. ಅಲ್ ಹುಜುರಾತ್ ಅಧ್ಯಾಯದ 11ನೆಯ ಸೂಕ್ತವು ಇನ್ನೊಬ್ಬರನ್ನು ಹಾಸ್ಯ ಮಾಡುವುದನ್ನೂ, ಚುಚ್ಚಿ ಮಾತನಾಡುವುದನ್ನೂ, ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದನ್ನೂ ನಿಷೇಧಿಸಿದೆ. ಹಾಸ್ಯಕ್ಕೆ ಗುರಿಯಾದವರೇ ಹಾಸ್ಯ ಮಾಡುವವರಿಗಿಂತ ಉತ್ತಮರಾಗಿರಬಹುದು ಎಂದು ಕಾರಣವನ್ನೂ ತಿಳಿಸಿದೆ. ಸ್ತ್ರೀಯರನ್ನು ಅಲ್ಲಿ ಪ್ರತ್ಯೇಕವಾಗಿ ಹೆಸರಿಸಲಾಗಿದೆ ಎಂಬುದನ್ನು ಸಹೋದರಿಯರು ಗಮನಿಸಬೇಕು. ಈ ಸೂಕ್ತದ ಹಿನ್ನೆಲೆಯನ್ನು ಹದೀಸ್ ಗ್ರಂಥಗಳು ವಿವರಿಸುತ್ತವೆ. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಬನೂ ಸಲಿಮಾ ಗೋತ್ರದವರಲ್ಲಿ ಒಬ್ಬೊಬ್ಬನಿಗೂ ಎರಡು ಮೂರು ಹೆಸರುಗಳಿದ್ದವು. ಪ್ರವಾದಿವರ್ಯರು(ಸ) ಒಬ್ಬನನ್ನು ಜನರು ಕರೆಯುತ್ತಿದ್ದ ಹೆಸರಿನಿಂದ ಕರೆದರೆ, ಆ ಹೆಸರು ಹೇಳಿದರೆ ಅವನಿಗೆ ಕೋಪ ಬರುತ್ತದೆ ಎಂದು ಪಕ್ಕದವರು ತಿಳಿಸುತ್ತಿದ್ದರು. ಅಂದರೆ ಕರೆಯುವವನ ಉದ್ದೇಶವಷ್ಟೇ ಅಲ್ಲ, ಕರೆಸಿಕೊಳ್ಳುವವನ ನೋವೂ ಇಲ್ಲಿ ಲೆಕ್ಕಕ್ಕೆ ಬಂತು.

ಈಗ ನಮ್ಮ ಮಕ್ಕಳು ಹಳ್ಳಿ ಬಿಟ್ಟು ಗದಗ, ಧಾರವಾಡ, ಮಣಿಪಾಲಗಳ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಅಲ್ಲಿಯೂ ಅಡ್ಡಹೆಸರು ಬೆನ್ನು ಬಿಡುವುದಿಲ್ಲ. 2022ರ ನವೆಂಬರಿನಲ್ಲಿ ಮಣಿಪಾಲದ ತಾಂತ್ರಿಕ ವಿದ್ಯಾಲಯದ ತರಗತಿಯೊಂದರಲ್ಲಿ ಉಪನ್ಯಾಸಕರೊಬ್ಬರು ಮುಸ್ಲಿಮ್ ವಿದ್ಯಾರ್ಥಿಯನ್ನು ಕಸಬ್ ಎಂದು ಕರೆದರು. 2008ರ ಮುಂಬಯಿ ದಾಳಿಯ ಭಯೋತ್ಪಾದಕನ ಹೆಸರದು. ವಿದ್ಯಾರ್ಥಿ ಎದ್ದು ನಿಂತು ಪ್ರಶ್ನಿಸಿದನು. ತಮಾಷೆಗೆಂದೆ, ನೀನು ನನ್ನ ಮಗನಿದ್ದಂತೆ ಎಂದು ಉಪನ್ಯಾಸಕರು ಸಮಾಧಾನ ಹೇಳಲು ನೋಡಿದರು. ನಿಮ್ಮ ಮಗನನ್ನು ಹೀಗೆ ಕರೆಯುತ್ತೀರಾ ಎಂದು ಅವನು ಮರುಪ್ರಶ್ನೆ ಹಾಕಿದನು. ಅವನು ಬೈಗುಳಕ್ಕೆ ಇಳಿಯಲಿಲ್ಲ, ಕೈ ಎತ್ತಲಿಲ್ಲ, ಪ್ರಶ್ನೆಯನ್ನು ಬಿಟ್ಟುಕೊಡಲೂ ಇಲ್ಲ. ಸಂಸ್ಥೆಯು ಆ ಉಪನ್ಯಾಸಕರನ್ನು ಪಾಠದಿಂದ ದೂರವಿಟ್ಟು ವಿಚಾರಣೆಗೆ ಆದೇಶಿಸಿತು. ಉಪನ್ಯಾಸಕರು ಮನಃಪೂರ್ವಕ ಕ್ಷಮೆ ಕೇಳಿದ್ದಾರೆ, ವಿಷಯವನ್ನು ಇಲ್ಲಿಗೆ ಬಿಡೋಣ ಎಂದು ಆ ವಿದ್ಯಾರ್ಥಿಯೇ ನಂತರ ತಿಳಿಸಿದ್ದಾಗಿ ವರದಿಯಾಯಿತು. ಹಕ್ಕನ್ನು ಕೇಳುವುದು ಮತ್ತು ಕ್ಷಮಿಸುವುದು ಒಂದಕ್ಕೊಂದು ವಿರುದ್ಧವೆಂದು ಭಾವಿಸುವ ನಮ್ಮ ಕೆಲವು ಹಿರಿಯರು ಈ ಹುಡುಗನನ್ನು ನೋಡಬೇಕು.

ಎಲ್ಲರಿಗೂ ಅಷ್ಟು ಧೈರ್ಯ ಬರುವುದಿಲ್ಲ. ಅಂಥವರಿಗಾಗಿಯೇ ನಿಯಮಗಳಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2012ರಲ್ಲಿ ಹೊರಡಿಸಿದ ಸಮಾನತೆಯ ನಿಯಮಗಳು ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯ ಮುಂತಾದವುಗಳ ಹೆಸರಿನಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತವೆ. ತರಗತಿಯಲ್ಲಿ ವಿದ್ಯಾರ್ಥಿಯ ಜಾತಿ, ಧರ್ಮಗಳನ್ನು ಕೂಗಿ ಹೇಳುವುದು, ಓದಿನಲ್ಲಿ ಹಿಂದುಳಿದುದಕ್ಕೆ ಅವನ ಹುಟ್ಟನ್ನೇ ಕಾರಣವಾಗಿಸಿ ಹೀಯಾಳಿಸುವುದು, ಪ್ರಯೋಗಾಲಯದಲ್ಲಿ ಕೆಲಸ ಕೊಡದೆ ಸುಮ್ಮನೆ ನಿಲ್ಲಿಸುವುದು, ಇಂಥವೂ ಆ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಪ್ರತಿಯೊಂದು ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕವಿರಬೇಕು, ತಾರತಮ್ಯ ವಿರೋಧಿ ಅಧಿಕಾರಿಯೊಬ್ಬರಿರಬೇಕು. ದೂರನ್ನು 60 ದಿನಗಳೊಳಗೆ ತೀರ್ಮಾನಿಸಬೇಕು.

ಆದರೆ ಕಾಗದದ ಮೇಲಿನ ನಿಯಮ ತಾನಾಗಿ ನಡೆಯುವುದಿಲ್ಲ. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪಾಯಲ್ ತಡವಿ ಎಂಬ ಯುವ ವೈದ್ಯೆ ಪ್ರಾಣ ಕಳೆದುಕೊಂಡರು. ಆಕೆ ತಡವಿ ಭಿಲ್ ಎಂಬ ಆದಿವಾಸಿ ಮುಸ್ಲಿಮ್ ಸಮುದಾಯದವರು. ಹಿರಿಯ ಸಹೋದ್ಯೋಗಿಗಳು ಜಾತಿ ಹಿಡಿದು ಹೀಯಾಳಿಸುತ್ತಿದ್ದರೆಂಬುದು ಆರೋಪ. ಆಕೆಯ ತಾಯಿ ಆಬಿದಾ ತಡವಿಯವರು, 2016ರಲ್ಲಿ ಹೈದರಾಬಾದಿನಲ್ಲಿ ಮಗನನ್ನು ಕಳೆದುಕೊಂಡ ರಾಧಿಕಾ ವೇಮುಲರ ಜೊತೆಗೂಡಿ ಅದೇ ವರ್ಷ ಸುಪ್ರೀಮ್ ಕೋರ್ಟಿಗೆ ಹೋದರು. 2012ರ ನಿಯಮಗಳನ್ನು ಜಾರಿಗೊಳಿಸಿರಿ ಎಂಬುದೇ ಅವರ ಬೇಡಿಕೆಯಾಗಿತ್ತು. 2026ರ ಜನವರಿಯಲ್ಲಿ ಆಯೋಗವು ಹೊಸ ನಿಯಮಗಳನ್ನು ಹೊರಡಿಸಿತು. ಅದೇ ತಿಂಗಳು ಕೋರ್ಟು ಅವುಗಳಿಗೆ ತಡೆ ನೀಡಿ, ಸದ್ಯಕ್ಕೆ 2012ರ ನಿಯಮಗಳೇ ಮುಂದುವರಿಯಲಿ ಎಂದಿತು. ಒಬ್ಬಳು ಮುಸ್ಲಿಮ್ ತಾಯಿ, ಒಬ್ಬಳು ದಲಿತ ತಾಯಿ ಒಂದೇ ಅರ್ಜಿಯಲ್ಲಿ ನಿಂತುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಬೇಕು.

ಮಗನನ್ನೋ ಮಗಳನ್ನೋ ಹಾಸ್ಟೆಲಿಗೆ ಬಿಡಲು ಹೋದ ತಂದೆ ಊಟ, ಹಾಸಿಗೆ, ನಮಾಝಿನ ಸ್ಥಳ ವಿಚಾರಿಸುತ್ತಾನೆ. ದೂರು ಸ್ವೀಕರಿಸುವ ಅಧಿಕಾರಿ ಯಾರೆಂದೂ ಕೇಳಿ ಬರೆದಿಟ್ಟುಕೊಳ್ಳಲಿ. ಅವಮಾನವಾದರೆ ದಿನಾಂಕ, ಆಡಿದ ಮಾತು, ಕೇಳಿಸಿಕೊಂಡವರು, ಇಷ್ಟನ್ನು ಅಂದೇ ಬರೆದಿಡಲು ಮಕ್ಕಳಿಗೆ ಹೇಳಿಕೊಡಲಿ. ಇದ್ದುದನ್ನು ಇದ್ದಂತೆಯೇ ಬರೆಯಬೇಕು. ಒಂದು ಜನಾಂಗದ ಮೇಲಿನ ಹಗೆಯಿಂದಲೂ ನ್ಯಾಯ ಬಿಟ್ಟು ನಡೆಯಬಾರದೆಂದು ಅಲ್ ಮಾಇದಃ ಅಧ್ಯಾಯವು ನಮಗೆ ಆಜ್ಞಾಪಿಸಿದೆ.

ಆದರೆ ಈ ನಿಯಮಗಳನ್ನು ಓದುವಾಗ ನಾವು ಯಾವಾಗಲೂ ನಮ್ಮನ್ನು ದೂರುದಾರನ ಜಾಗದಲ್ಲೇ ನಿಲ್ಲಿಸಿಕೊಳ್ಳುತ್ತೇವೆ. ನಮ್ಮ ಹುಡುಗ ಸಹಪಾಠಿಯ ಕೇರಿಯ ಹೆಸರು ಹಿಡಿದು ನಗುವುದಿಲ್ಲವೇ? ಅಷ್ಟೇಕೆ, ಒಂದೇ ಸಾಲಿನಲ್ಲಿ ನಿಂತು ನಮಾಝ್ ಮಾಡುವ ನದಾಫ ಕುಟುಂಬದವನನ್ನು, ಹತ್ತಿ ಹಿಂಜುವ ಕಸುಬಿನ ಹೆಸರು ಹೇಳಿ ಹಗುರವಾಗಿ ಕಾಣುವವರು ನಮ್ಮಲ್ಲಿಲ್ಲವೇ? ಮದುವೆಯ ಮಾತು ಬಂದಾಗ ಆ ನಾಲಿಗೆ ಇನ್ನೂ ಹರಿತವಾಗುತ್ತದೆ.

ಮಅ್‌ರೂರ್ ಎಂಬವರು ರಬಝಾ ಎಂಬಲ್ಲಿ ಹಝ್ರತ್ ಅಬೂದರ್(ರ)ರನ್ನು ಕಂಡ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಅಬೂದರ್‌ರ(ರ) ಮೈಮೇಲೊಂದು ಉಡುಪು, ಅವರ ಗುಲಾಮನ ಮೈಮೇಲೂ ಅಂಥದೇ ಉಡುಪು. ಏಕೆ ಹೀಗೆ ಎಂದು ಅವರು ಕೇಳಿದರು. ಅಬೂದರ್(ರ) ತಮ್ಮ ಹಳೆಯ ತಪ್ಪೊಂದನ್ನು ಹೇಳಿದರು. ಒಮ್ಮೆ ಜಗಳದಲ್ಲಿ ಒಬ್ಬನನ್ನು ಅವನ ತಾಯಿಯ ಹೆಸರೆತ್ತಿ ಹೀಯಾಳಿಸಿದ್ದರು. ಆಕೆ ಅರಬಳಲ್ಲದವಳು. (ಆ ವ್ಯಕ್ತಿ ಬಿಲಾಲ್(ರ) ಎಂದು ನಮ್ಮ ಭಾಷಣಗಳಲ್ಲಿ ಹೇಳುವುದುಂಟು, ಬುಖಾರಿಯಲ್ಲಿ ಹೆಸರಿಲ್ಲ.) ವಿಷಯ ತಿಳಿದ ಪ್ರವಾದಿವರ್ಯರು(ಸ), ನಿಮ್ಮಲ್ಲಿ ಅಜ್ಞಾನ ಕಾಲದ ಗುಣ ಇನ್ನೂ ಉಳಿದಿದೆ ಎಂದರು. ಈ ವಯಸ್ಸಿನಲ್ಲೂ ಇದೆಯೇ ಎಂದು ಅಬೂದರ್(ರ) ಕೇಳಿದರು. ಹೌದು ಎಂಬ ಉತ್ತರ ಬಂತು. ನಿಮ್ಮ ಕೈಕೆಳಗಿರುವವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಿ, ಉಡುವುದನ್ನೇ ಉಡಿಸಿ ಎಂದೂ ಅವರು ಕಲಿಸಿದರು. ವರ್ಷಗಳು ಕಳೆದು, ಪ್ರವಾದಿವರ್ಯರು(ಸ) ಇಹಲೋಕ ತ್ಯಜಿಸಿದ ಬಳಿಕವೂ, ರಬಝಾದಲ್ಲಿ ಆ ಗುಲಾಮನ ಮೈಮೇಲೆ ಯಜಮಾನನದೇ ಉಡುಪಿತ್ತು.