ಮಕ್ಕಳು ನಶೆಗೆ ಬಿದ್ದಾಗ: ಹೆತ್ತವರಿಗೆ ಆರು ಹೆಜ್ಜೆ

ಹದಿಹರೆಯದ ಮಗನೋ ಮಗಳೋ ಕುಡಿಯುತ್ತಿರುವುದು, ಗಾಂಜಾ ಸೇದುತ್ತಿರುವುದು ಗೊತ್ತಾದಾಗ ಸಿಟ್ಟು, ಅಳು ಎರಡೂ ಬರುತ್ತವೆ. ಆದರೂ ಮಗು ಮುಂದೆಯೂ ನಿಮ್ಮ ಹತ್ತಿರ ನಿಜ ಹೇಳುವಂತೆ ನಡೆದುಕೊಳ್ಳುವುದೇ ಎಲ್ಲಕ್ಕಿಂತ ಮುಖ್ಯ.

ಹಂತ 1: ಗಮನಿಸಿ
ಕೆಂಪು ಕಣ್ಣು, ಹಗಲು ನಿದ್ದೆ, ಕಾಣೆಯಾಗುವ ದುಡ್ಡು, ಬ್ಯಾಗಿನಲ್ಲಿ ಮೂಸಿ ಅಮಲೇರಿಸಿಕೊಳ್ಳುವ ವೈಟ್‌ನರ್ ಅಥವಾ ಪಂಕ್ಚರ್ ಸೊಲ್ಯೂಷನ್. ಒಂದೇ ಲಕ್ಷಣ ನೋಡಿ ತೀರ್ಮಾನಿಸಬೇಡಿ. ಖಿನ್ನತೆಯಲ್ಲೂ ನಿದ್ದೆ, ನಡವಳಿಕೆ ಬದಲಾಗುತ್ತವೆ.

ಹಂತ 2: ಅಮಲಿನಲ್ಲಿದ್ದಾಗ ಜೀವ ಮುಖ್ಯ
ಆಗ ಬುದ್ಧಿಮಾತು ಬೇಡ. ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ನಿಧಾನವಾಗಿದ್ದರೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ, ಒಂಟಿಯಾಗಿ ಬಿಡಬೇಡಿ.

ಹಂತ 3: ಮಾತಾಡಿ
ಅಮಲು ಇಳಿದ ಮೇಲೆ, ನೆಂಟರಿಷ್ಟರು ಇಲ್ಲದ ಹೊತ್ತು ನೋಡಿ ಕೂರಿಸಿಕೊಳ್ಳಿ. "ಯಾರು ಕಲಿಸಿದ್ದು, ಬೊಗಳು" ಎಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. "ನಿನ್ನ ಬ್ಯಾಗಲ್ಲಿ ಇದು ಸಿಕ್ತು ಕಣೋ. ನಂಗೆ ಭಯ ಆಗ್ತಿದೆ. ಬೈಯಲ್ಲ, ಏನಾಯ್ತು ಹೇಳು" ಎನ್ನಿ. ಆಮೇಲೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಹಂತ 4: ಕಾರಣ ಹುಡುಕಿ
ದುಡುಕನ್ನು ಹಿಡಿದಿಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಹಾಗಾಗಿ ಹದಿಹರೆಯದಲ್ಲಿ ಎಡವುವುದು ಸುಲಭ. ಅದರ ಹಿಂದೆ ಗೆಳೆಯರ ಒತ್ತಾಯ, ಪರೀಕ್ಷೆಯ ಭಯ, ಮನೆಯ ಜಗಳ, ಹೇಳಿಕೊಳ್ಳಲಾಗದ ನೋವು ಯಾವುದಾದರೂ ಇರಬಹುದು. "ಅದರಿಂದ ನಿನಗೆ ಏನು ಸಿಗುತ್ತೆ?" ಎಂದು ಕೇಳಿ, ಉತ್ತರದಲ್ಲೇ ಚಿಕಿತ್ಸೆಯ ದಾರಿ ಕಾಣಬಹುದು.

ಹಂತ 5: ಕಟ್ಟುಪಾಡು ಹಾಕಿ
ಹೊಡೆತ, ಕೂಡಿಹಾಕುವುದು ಬೇಡ. ಪಾಲಿಸಲು ಆಗುವಂಥ ಎರಡು ಮೂರು ನಿಯಮ ಸಾಕು. "ಕುಡಿದವರ ಬೈಕ್ ಹತ್ತಬೇಡ, ಎಷ್ಟು ಹೊತ್ತಾದರೂ ಫೋನ್ ಮಾಡು, ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದು ಮಾತು ಕೊಡಿ, ಉಳಿಸಿಕೊಳ್ಳಿ. ಮನೆಯಲ್ಲಿ ಅಪ್ಪನೇ ಕುಡಿಯುತ್ತಿದ್ದರೆ ಕುಡಿಯಬಾರದೆಂಬ ನಿಯಮ ಅಪ್ಪನಿಂದಲೇ ಶುರುವಾಗಲಿ.

ಹಂತ 6: ವೈದ್ಯರ ನೆರವು ಪಡೆಯಿರಿ
ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಎರಡಕ್ಕೂ ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದಿನವೂ ವಿಪರೀತ ಕುಡಿಯುವವರು, ನಿದ್ದೆ ಮಾತ್ರೆಗೆ ಅಂಟಿಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡಬೇಡಿ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕವಸ್ತು ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೆ.

ಬಿಟ್ಟ ಮೇಲೂ ಮತ್ತೆ ಮುಟ್ಟುವುದುಂಟು. ಆಗ "ನಿನ್ನ ಹಣೆಬರಹವೇ ಇಷ್ಟು" ಎನ್ನದೆ ಅದೇ ವೈದ್ಯರ ಬಳಿ ಮತ್ತೆ ಕರೆದೊಯ್ಯಿರಿ. ಜೊತೆಗೆ ನೀವೂ ಹೋಗಿ.