ಪೆಟ್ಟಿಗೆ ನುಡಿದ ಸಾಕ್ಷಿ

ರಾಯಬಾಗ ತಾಲ್ಲೂಕಿನ ಮುಗಳಖೋಡದಲ್ಲಿ ಒಂದು ಹಳೆಯ ಮನೆಯನ್ನು ಕಲ್ಪಿಸಿಕೊಳ್ಳಿರಿ. ಹಬ್ಬಕ್ಕೆಂದು ಅಟ್ಟವನ್ನು ಗುಡಿಸುವಾಗ ಎಲೆಯಡಕೆಯ ಪೆಟ್ಟಿಗೆಯೊಂದು ದೊರೆಯುತ್ತದೆ. ಅದರ ಮೈಯೆಲ್ಲ ಕಪ್ಪು. ಮುಚ್ಚಳದ ಮೇಲೆ ಮಾಸಿದ ಹೂಬಳ್ಳಿ. “ಕಬ್ಬಿಣವಿರಬೇಕು, ಗುಜರಿಗೆ ಕೊಡೋಣ” ಎಂದು ಮಗ ಹೇಳುತ್ತಾನೆ. “ಹಿತ್ತಾಳೆಯಿರಬೇಕು, ಹುಣಸೆಹಣ್ಣಿನಿಂದ ತಿಕ್ಕಿದರೆ ಹೊಳೆದೀತು” ಎಂದು ಸೊಸೆ ಹೇಳುತ್ತಾಳೆ. “ಅದು ಏನೆಂದು ತಿಳಿಯುವವರೆಗೆ ಯಾರೂ ಮುಟ್ಟಬೇಡಿರಿ” ಎಂದು ಅಜ್ಜಿ ತಡೆಯುತ್ತಾಳೆ. ಮೂವರಲ್ಲಿ ಅಜ್ಜಿಯ ಮಾತೇ ವಿವೇಕದ ಮಾತು. ಏಕೆಂಬುದನ್ನು ನೋಡೋಣ.

ವಸ್ತುವನ್ನು ಗುರುತಿಸಲು ಮೊದಲ ಸಾಧನ ಕಣ್ಣು. ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿಯುತ್ತದೆ. ತಾಮ್ರ, ಹಿತ್ತಾಳೆಗಳಿಗೆ ಹಸಿರು ಕಿಲುಬು ಕಟ್ಟುತ್ತದೆ. ಈ ಪೆಟ್ಟಿಗೆಯಲ್ಲಿ ಇವೆರಡೂ ಇಲ್ಲ. ಅಂಚು ಸವೆದಲ್ಲಿ ಕಪ್ಪು ಮಾಯವಾಗಿ ನೀಲಿ ಛಾಯೆಯ ಬೂದುಬಣ್ಣ ಕಾಣುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದಾಗ ಹೂಬಳ್ಳಿ ಬೆಳ್ಳಗೆ ಮಿನುಗುತ್ತದೆ.

ಎರಡನೆಯ ಸಾಧನ ಅಯಸ್ಕಾಂತ. ಉಕ್ಕಿನಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸಿದ ‘ಕೋಫ್ತಗಾರಿ’ ವಸ್ತುಗಳೂ ನಮ್ಮ ದೇಶದಲ್ಲಿ ಉಂಟು. ಅವನ್ನು ಅಯಸ್ಕಾಂತ ಸೆಳೆಯುತ್ತದೆ. ಈ ಪೆಟ್ಟಿಗೆಯನ್ನು ಸೆಳೆಯುವುದಿಲ್ಲ.

ಮೂರನೆಯದು ಆರ್ಕಿಮಿಡೀಸನ ತತ್ತ್ವ. ಪೆಟ್ಟಿಗೆಯ ತೂಕ ಗಾಳಿಯಲ್ಲಿ 576 ಗ್ರಾಂ, ಗುಳ್ಳೆ ನಿಲ್ಲದಂತೆ ಶುದ್ಧ ನೀರಿನಲ್ಲಿ ಮುಳುಗಿಸಿದಾಗ 496 ಗ್ರಾಂ ಎಂದಿಟ್ಟುಕೊಳ್ಳಿರಿ. ಕಡಿಮೆಯಾದದ್ದು 80 ಗ್ರಾಂ. 576ನ್ನು 80ರಿಂದ ಭಾಗಿಸಿದರೆ 7.2 ಬರುತ್ತದೆ, ಇದೇ ಅದರ ಸಾಪೇಕ್ಷ ಸಾಂದ್ರತೆ. ಬೆಳ್ಳಿಯದು 10.5, ಹಿತ್ತಾಳೆಯದು ಸುಮಾರು 8.5, ಸತುವಿನದು 7.1. ತವರದ್ದು 7.3 ಆಗಿರುವುದರಿಂದ ಈ ಲೆಕ್ಕವೊಂದೇ ಸಾಲದು. ಆದರೆ ತವರ ಬಹಳ ಮೃದು. ಅದರ ಮೇಲೆ ಇಂಥ ಗಾಢವಾದ ಕಪ್ಪು ಏರುವುದಿಲ್ಲ. ಎಲ್ಲ ಸಾಕ್ಷಿಗಳೂ ಕೂಡಿ ಒಂದೇ ಕಡೆ ಬೆರಳು ತೋರುತ್ತವೆ. ಇದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಬಿದರಿ ಪೆಟ್ಟಿಗೆ.

ಬಿದರಿ ಕಲೆಗೆ ಹೆಸರು ಬಂದುದು ನಮ್ಮ ಬೀದರ್ ನಗರದಿಂದ. ಎರಕದ ಮೈಯನ್ನು ಅರದಿಂದ ನಯಗೊಳಿಸಿ, ಮೈಲುತುತ್ತದ ನೀರನ್ನು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಚಿತ್ತಾರವನ್ನು ಉಳಿಯಿಂದ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂಡಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಮಿಶ್ರಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ತಕ್ಕ ಮಣ್ಣನ್ನು ಕುಶಲಕರ್ಮಿಗಳು ನಾಲಗೆಯ ರುಚಿಯಿಂದಲೇ ಗುರುತಿಸುತ್ತಾರೆ.

ಹಾಗಾದರೆ ಈ ಪೆಟ್ಟಿಗೆ ಬೀದರಿನದೇ ಎಂದು ಸಾರಬಹುದೇ? ಆತುರ ಸಲ್ಲದು. ಹಿಂದೆ ಲಖನೌ, ಬಿಹಾರದ ಪೂರ್ಣಿಯಾ, ಬಂಗಾಳದ ಮುರ್ಶಿದಾಬಾದಗಳಲ್ಲಿಯೂ ಬಿದರಿ ಕೆಲಸ ನಡೆಯುತ್ತಿತ್ತು. ಲೋಹ ಹೇಳುವುದು ವಸ್ತು ಯಾವುದರಿಂದ ಆಯಿತೆಂಬುದನ್ನು. ಎಲ್ಲಿ ಆಯಿತೆಂಬುದನ್ನು ಅದೊಂದೇ ಹೇಳಲಾರದು. ಅದಕ್ಕೆ ಆಕಾರವನ್ನೂ ಚಿತ್ತಾರವನ್ನೂ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಂತಹ ಕಡೆ ಇರುವ ಮಾದರಿಗಳೊಡನೆ ಹೋಲಿಸಬೇಕು. ಪೆಟ್ಟಿಗೆ ಯಾರ ಮದುವೆಯಲ್ಲಿ, ಯಾವ ಊರಿನಿಂದ ಮನೆಗೆ ಬಂದಿತೆಂದು ಹಿರಿಯರನ್ನು ಕೇಳಿ ಬರೆದಿಡಬೇಕು. ಹಿರಿಯರ ನೆನಪೂ ಒಂದು ದಾಖಲೆಯೇ.

ಈಗ ಅಜ್ಜಿಯ ಎಚ್ಚರಿಕೆಯ ಅರ್ಥ ತಿಳಿಯಿತಷ್ಟೆ. ಹುಣಸೆಯ ಹುಳಿ ಸತುವನ್ನು ತಿನ್ನುತ್ತದೆ. ಒಮ್ಮೆ ತಿಕ್ಕಿದರೆ ಆ ಕಪ್ಪು ಹೋಗುತ್ತದೆ. ಹೊಸದಾಗಿ ಕಪ್ಪೇರಿಸಬಹುದಾದರೂ ಹಿಂದಿನ ಕೈ ಏರಿಸಿದ ಕಪ್ಪು ಮರಳುವುದಿಲ್ಲ. ಗುಜರಿಗೆ ಕೊಟ್ಟರೆ ಪೆಟ್ಟಿಗೆಯೇ ಉಳಿಯುವುದಿಲ್ಲ. ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು; 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಕಲೆಯನ್ನು ಗೌರವಿಸಲು ನಾಡಿಗೆ ಪ್ರಶಸ್ತಿಗಳು ಬೇಕು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಉಳಿಸಲು ತಿಕ್ಕುವ ಮೊದಲು ಕೇಳುವ ತಾಳ್ಮೆಯೊಂದಿದ್ದರೆ ಸಾಕು.

ಅಭ್ಯಾಸ

1. ಪೆಟ್ಟಿಗೆ ಕಬ್ಬಿಣದ್ದಲ್ಲ ಎಂಬುದಕ್ಕೆ ಎರಡು ಕಾರಣಗಳನ್ನು ಕೊಡಿರಿ.
2. ಸಾಪೇಕ್ಷ ಸಾಂದ್ರತೆಯೊಂದರಿಂದಲೇ ಲೋಹವನ್ನು ನಿರ್ಣಯಿಸಬಾರದೇಕೆ?
3. ‘ಹಿರಿಯರ ನೆನಪೂ ಒಂದು ದಾಖಲೆಯೇ’ – ಈ ಮಾತನ್ನು ವಿವರಿಸಿರಿ.
4. ನಿಮ್ಮ ಮನೆಯ ಒಂದು ಹಳೆಯ ವಸ್ತುವನ್ನು ಕುರಿತು ಹಿರಿಯರನ್ನು ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.